ವಿಎಂ ನುಂಗಿದ ಡಿಸ್ಕ್ ಜಾಗ: ಹುಡುಕೋಕೆ ಯಾವುದು, ಬಿಡಿಸೋಕೆ ಯಾವುದು?

ಲಿನಕ್ಸ್ ಮೇಲೆ ಕೆವಿಎಂ (ಲಿನಕ್ಸ್‌ನದೇ ವರ್ಚುವಲೈಸೇಶನ್ ಸೌಲಭ್ಯ) ಹಾಕಿಕೊಂಡು ವರ್ಚುವಲ್ ಮಷೀನ್ (ವಿಎಂ, ಅಂದರೆ ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಕಂಪ್ಯೂಟರ್) ನಡೆಸುವವರಿಗೆ ಈ ತಲೆನೋವು ಗೊತ್ತೇ ಇರುತ್ತದೆ. ಡಿಸ್ಕ್ ತುಂಬಿದೆ ಅಂತ ಡಿಸ್ಕ್ ಲೆಕ್ಕ ಕೊಡುವ ಡಿಎಫ್ ಕಮಾಂಡ್ ಹೇಳುತ್ತದೆ. ಫೈಲುಗಳನ್ನೆಲ್ಲ ಕೂಡಿಸಿದರೆ ಅಷ್ಟು ಬರುವುದೇ ಇಲ್ಲ. ಉಳಿದದ್ದು ಎಲ್ಲಿ ಹೋಯ್ತು ಅಂತ ಹುಡುಕಲು ನಾನು ಬಳಸಿ ನೋಡಿದ ದಾರಿಗಳು ಇವು.

ಡಿಸ್ಕ್ ಬಳಕೆಯನ್ನು ಚಿತ್ರವಾಗಿ ತೋರಿಸುವ ಬಾವೊಬಾಬ್ ಆ್ಯಪ್ ನೋಡೋಕೆ ಚೆನ್ನಾಗಿದೆ. ಆದರೆ ಸಾಮಾನ್ಯ ಬಳಕೆದಾರರಾಗಿ ತೆರೆದರೆ ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನ ಇಮೇಜ್ ಫೋಲ್ಡರ್ ಒಳಗೆ ಅದಕ್ಕೆ ಪ್ರವೇಶವಿಲ್ಲ. ವಿಎಂ ಡಿಸ್ಕುಗಳು ಫೈಲ್ ರೂಪದಲ್ಲಿ (ಇಮೇಜ್) ಇರುವುದೇ ಅಲ್ಲಿ ಅಲ್ವಾ? ಹೋಮ್ ಫೋಲ್ಡರಿಗೆ ಸಾಕು, ಈ ಕೆಲಸಕ್ಕೆ ಬೇಡ.

ಟರ್ಮಿನಲ್‌ನಲ್ಲಿ ಓಡುವ, ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಅಂತ ತೋರಿಸುವ ಎನ್‌ಸಿಡಿಯು ನನಗೆ ಜಾಸ್ತಿ ಇಷ್ಟ. ಸುಡೊ (ಅಡ್ಮಿನ್ ಅಧಿಕಾರ) ಜೊತೆ, ಮೈನಸ್ ಎಕ್ಸ್ ಆಯ್ಕೆ ಕೊಟ್ಟು ಓಡಿಸಿದರೆ ಒಂದೇ ಫೈಲ್ ಸಿಸ್ಟಂ ಒಳಗೆ ಎಲ್ಲವನ್ನೂ ಅಳೆಯುತ್ತದೆ. 'ಎ' ಒತ್ತಿದರೆ ಫೈಲಿನ ಹೆಸರಿಗಷ್ಟೇ ಇರುವ ಗಾತ್ರ ಒಂದು ಸಲ, ಡಿಸ್ಕಿನಲ್ಲಿ ನಿಜವಾಗಿ ಹಿಡಿದಿರುವ ಜಾಗ ಇನ್ನೊಂದು ಸಲ ಕಾಣುತ್ತದೆ. ರಾ ಇಮೇಜ್ (ವಿಎಂ ಡಿಸ್ಕನ್ನು ಇದ್ದಂತೆಯೇ ಇಡುವ ಸರಳ ಫೈಲು) ಇದ್ದವರಿಗೆ ಇದು ಬೇಕೇ ಬೇಕು. 100 ಜಿಬಿ ಅಂತ ತೋರಿಸುವ ಫೈಲು 20 ಜಿಬಿ ಮಾತ್ರ ತಿಂದಿರಬಹುದು.

ಎನ್‌ಸಿಡಿಯುಗೂ ಸಿಗದ ಜಾಗ ಒಂದಿದೆ. ವಿಎಂ ಓಡುತ್ತಿರುವಾಗ ಅದರ ಡಿಸ್ಕ್ ಫೈಲನ್ನು ಅಳಿಸಿದರೆ ಹೆಸರು ಹೋಗುತ್ತದೆ, ಜಾಗ ಉಳಿಯುತ್ತದೆ. ಅದನ್ನು ಹಿಡಿಯೋದು ತೆರೆದಿರುವ ಫೈಲುಗಳ ಪಟ್ಟಿ ಕೊಡುವ ಎಲ್‌ಸಾಫ್ ಕಮಾಂಡ್, 'ಪ್ಲಸ್ ಎಲ್1' ಆಯ್ಕೆಯೊಂದಿಗೆ. ಆ ಜಾಗ ಬಿಡಿಸಲು ವಿಎಂ ಒಳಗಿನಿಂದ ರೀಬೂಟ್ ಮಾಡಿದರೆ ಸಾಮಾನ್ಯವಾಗಿ ಸಾಲದು, ವಿಎಂ ಓಡಿಸುವ ಕ್ಯೂಎಮು ಪ್ರೊಸೆಸ್ ಹಾಗೇ ಇರುತ್ತದೆ. ಪೂರ್ತಿ ಶಟ್‌ಡೌನ್ ಆಗಬೇಕು. ಆದರೆ ಆ ಡಿಸ್ಕಿನಲ್ಲಿ ಬೇಕಾದ್ದು ಏನಾದರೂ ಇದ್ದರೆ ಅದಕ್ಕೂ ಮೊದಲೇ ನಕಲು ತೆಗೆದುಕೊಳ್ಳಿ. ಆಮೇಲೆ ಸಿಗುವುದಿಲ್ಲ.

ಇನ್ನು ಕ್ಯೂಕೌ2, ಅಂದರೆ ಬಳಸಿದಂತೆ ಬೆಳೆಯುವ ಡಿಸ್ಕ್ ಇಮೇಜ್. ವಿಎಂ ಒಳಗೆ ಫೈಲು ಅಳಿಸಿದರೂ ಹೊರಗಿನ ಇಮೇಜ್ ತಾನಾಗಿ ಇಳಿಯುವುದಿಲ್ಲ. ಅದಕ್ಕೆ ಎರಡು ದಾರಿ. ಇಮೇಜಿನ ಖಾಲಿ ಜಾಗ ಬಿಡಿಸುವ ವರ್ಟ್-ಸ್ಪಾರ್ಸಿಫೈಗೆ ವಿಎಂ ನಿಲ್ಲಿಸಲೇಬೇಕು, ಓಡುವಾಗ ಮಾಡಿದರೆ ಡಿಸ್ಕ್ ಕೆಡಬಹುದು. ಸಾಮಾನ್ಯ ರೀತಿಯಲ್ಲಿ ಅದು ಹೊಸ ನಕಲು ಬರೆಯುತ್ತದೆ, ಅಂದರೆ ಜಾಗವಿಲ್ಲದಾಗಲೇ ಇನ್ನಷ್ಟು ಜಾಗ ಬೇಕು! 'ಇನ್-ಪ್ಲೇಸ್' ಆಯ್ಕೆಗೆ ಆ ತೊಂದರೆಯಿಲ್ಲ.

ಎರಡನೆಯದು ಎಫ್‌ಎಸ್‌ಟ್ರಿಮ್, ಖಾಲಿಯಾದ ಬ್ಲಾಕುಗಳು ಯಾವುವು ಅಂತ ಡಿಸ್ಕಿಗೆ ತಿಳಿಸುವ ಕಮಾಂಡ್. ಇದಕ್ಕೆ ವಿಎಂ ನಿಲ್ಲಿಸಬೇಕಿಲ್ಲ, ಒಳಗಿನಿಂದಲೇ ಓಡಿಸಬಹುದು. ಆದರೆ ವಿಎಂನ ಡಿಸ್ಕ್ ಸೆಟ್ಟಿಂಗಿನಲ್ಲಿ ಡಿಸ್ಕಾರ್ಡ್ ಎಂಬ ಆಯ್ಕೆ 'ಅನ್‌ಮ್ಯಾಪ್' (ಖಾಲಿ ಬ್ಲಾಕು ಹಿಂದಿರುಗಿಸು) ಆಗಿರಬೇಕು. ವರ್ಟಿಯೊ-ಬ್ಲಾಕ್ (ವಿಎಂಗೆಂದೇ ಮಾಡಿದ ಡಿಸ್ಕ್ ಬಗೆ) ಡಿಸ್ಕಿಗೆ ಈ ಸೌಲಭ್ಯ ಬಂದದ್ದು 2019ರ ಕ್ಯೂಎಮು 4.0ರಲ್ಲಿ. ಇದನ್ನು ಮಾಡಿಯೂ ಜಾಗ ಬಾರದಿದ್ದರೆ ಕ್ಯೂಎಮು-ಐಎಂಜಿ ಕಮಾಂಡಿನಲ್ಲಿ ಸ್ನ್ಯಾಪ್‌ಶಾಟ್ (ಡಿಸ್ಕಿನ ಹಿಂದಿನ ಸ್ಥಿತಿಯನ್ನು ಉಳಿಸಿಟ್ಟದ್ದು) ಪಟ್ಟಿ ನೋಡಿ. ಹಳೆಯ ಸ್ನ್ಯಾಪ್‌ಶಾಟ್ ಹಿಡಿದಿಟ್ಟುಕೊಂಡ ಬ್ಲಾಕುಗಳನ್ನು ಟ್ರಿಮ್ ಬಿಡಿಸಲಾರದು.

ನನ್ನ ಆಯ್ಕೆ ಎಫ್‌ಎಸ್‌ಟ್ರಿಮ್. ಹೊಸ ವಿಎಂ ಮಾಡಿದ ಕೂಡಲೇ ಅನ್‌ಮ್ಯಾಪ್ ಹಾಕಿ, ಒಳಗೆ ಎಫ್‌ಎಸ್‌ಟ್ರಿಮ್ ಟೈಮರ್ ಆನ್ ಮಾಡುತ್ತೇನೆ. ಈ ಸೆಟ್ಟಿಂಗ್ ಇಲ್ಲದ ಹಳೆಯ ಇಮೇಜುಗಳಿಗೆ ಮಾತ್ರ ವರ್ಟ್-ಸ್ಪಾರ್ಸಿಫೈ, ಅದೂ ಬ್ಯಾಕಪ್ ಆದ ಮೇಲೆ.