ಊಟದ ಮೇಜಿಗೆ ಹಳೆಯ ತೇಗವೋ, ರಬ್ಬರ್ ಮರವೋ?

ಕೆಡವಿದ ಮನೆಯ ತೇಗದಲ್ಲಿ ಮೇಜು ಮಾಡಿಸುವುದೋ, ರಬ್ಬರ್ ಮರದಲ್ಲೋ ಎಂದು ಕೇಳಿದ್ದೀರಿ. ಎರಡೂ ಒಂದು ಬಗೆಯ ಮರುಬಳಕೆಯೇ. ಸುಮಾರು 25–30 ವರ್ಷ ಹಾಲು ಕೊಟ್ಟ ರಬ್ಬರ್ ಮರಗಳನ್ನು ಮರುನಾಟಿಗಾಗಿ ಹೇಗಿದ್ದರೂ ಕಡಿಯುತ್ತಾರೆ.

ಬಾಳಿಕೆಯಲ್ಲಿ ತೇಗವೇ ಮುಂದು. ಕಪ್ಪಾದ ತೊಲೆಯ ಮೇಲೆ ಒಮ್ಮೆ ಉಜ್ಜುಗೊರಡು ಹಾಯಿಸಿದರೆ ಒಳಗಿನ ಹೊಂಬಣ್ಣದ, ಎಣ್ಣೆಯಂಶವುಳ್ಳ ಮರ ಕಾಣುತ್ತದೆ. ಗೆದ್ದಲು ಅದಕ್ಕೆ ಸುಲಭವಾಗಿ ಹತ್ತುವುದಿಲ್ಲ. ರಬ್ಬರ್ ಮರದಲ್ಲಿ ಪಿಷ್ಟ ಹೆಚ್ಚಿರುವುದರಿಂದ ಹುಳು, ಬೂಷ್ಟು ಬೇಗ ಹತ್ತುತ್ತವೆ; ಅವನ್ನು ತಡೆಯುವ ಬೋರಾನ್ ಲವಣದ ಸಂಸ್ಕರಣೆ ಆಗಿದೆಯೇ ಎಂದು ಕೇಳಿಯೇ ಕೊಳ್ಳಬೇಕು.

ವೆಚ್ಚದ ಲೆಕ್ಕ ಅಷ್ಟು ಸರಳವಲ್ಲ. ಹಳೆಯ ತೇಗದ ಬೆಲೆಗೆ ಮೊಳೆ ಕೀಳುವ ಕೂಲಿ, ಉಳಿದುಹೋದ ಮೊಳೆಗೆ ತಾಗಿ ಹಾಳಾಗುವ ಗರಗಸದ ಅಲಗು, ಬಿರುಕುಬಿಟ್ಟು ಕಳೆಯುವ ಭಾಗ ಎಲ್ಲವೂ ಸೇರುತ್ತವೆ. ಬಡಗಿಗಳ ಸಹಕಾರ ನಿಜವಾಗಿ ಬೇಕಾಗುವುದು ಇಲ್ಲಿಯೇ: ಎರಡು ಮೂರು ಮಂದಿ ಬಡಗಿಗಳು ಸೇರಿ ತೊಲೆಗಳನ್ನು ಕೊಂಡರೆ ಉದ್ದದ ಹಲಗೆ ಒಬ್ಬರ ಮೇಜಿಗೆ, ತುಂಡುಗಳು ಇನ್ನೊಬ್ಬರ ಸ್ಟೂಲಿಗೆ, ಮಣೆಗೆ ಹೋಗಿ ವ್ಯರ್ಥವಾಗುವುದು ಕಡಿಮೆಯಾಗುತ್ತದೆ.

ಕೆಲಸ ಬೇಗ ಮುಗಿಯಬೇಕು, ಹಣ ಮಿತ, ಮೇಜು ಒಣ ಕೋಣೆಯಲ್ಲಿರುತ್ತದೆ ಎಂದಾದರೆ ಒಂದೇ ಅಳತೆಯಲ್ಲಿ ಸಿಗುವ ರಬ್ಬರ್ ಹಲಗೆ ಸಾಕು. ಮಲೆನಾಡಿನ ತೇವದ ಮನೆಗೆ, ಮೊಮ್ಮಕ್ಕಳವರೆಗೆ ಉಳಿಯಬೇಕಾದ ಮೇಜಿಗೆ ನಾನು ತೇಗವನ್ನೇ ಹೇಳುತ್ತೇನೆ. ಮರ ಯಾವುದೇ ಆಗಲಿ, ಮೇಜಿನ ಕಾಲುಗಳನ್ನು ಅಂಟಿನಿಂದಲ್ಲ, ಬೋಲ್ಟಿನಿಂದ ಕೂಡಿಸಲು ಹೇಳಿ. ಬಿಚ್ಚಲು ಬಂದರೆ ಮರ ಮತ್ತೊಮ್ಮೆ ಸುಲಭವಾಗಿ ಕೆಲಸಕ್ಕೆ ಬರುತ್ತದೆ.