ಮೂರು ಬೇಸಿಗೆಯ ಬಳಕೆ: ಹಸುವಿಗೆ ಹಾಕುವ ‘ನಿಧಾನ ಯೂರಿಯಾ’

ಜಗಳೂರು ತಾಲ್ಲೂಕಿನಲ್ಲಿ ನಮ್ಮದು ಮಳೆಯನ್ನೇ ನಂಬಿದ ಜಮೀನು. ಕೊಟ್ಟಿಗೆಯಲ್ಲಿ ಕರೆಯುವ ಮಿಶ್ರತಳಿ ಹಸು ನಾಲ್ಕು, ಕಡಸು ಎರಡು. ಎಣ್ಣೆಯ ಲೇಪನವಿರುವ ಯೂರಿಯಾ ಕಾಳನ್ನು ಮೂರು ವರ್ಷದಿಂದ ಹಿಂಡಿಯ ಜೊತೆ ಹಾಕುತ್ತಿದ್ದೇನೆ. ಚೀಲದ ಮೇಲೆ ‘ಹೆಚ್ಚು ಹಾಲು’ ಎಂದು ದಪ್ಪಕ್ಷರದಲ್ಲಿದೆ. ನಮ್ಮಲ್ಲಿ ಒಂದು ಲೋಟವೂ ಹೆಚ್ಚಲಿಲ್ಲ, ಡೈರಿಯ ಚೀಟಿಯಲ್ಲಿ ಫ್ಯಾಟ್ ಕೂಡ ಕದಲಲಿಲ್ಲ. ಹಾಗಿದ್ದರೂ ಮತ್ತೆ ಮತ್ತೆ ಕೊಂಡದ್ದಕ್ಕೆ ಕಾರಣ ಹಿಂಡಿಯ ಖರ್ಚು.

ಹಸು ತಿಂದ ಸಾರಜನಕದಲ್ಲಿ ಹಾಲಿಗೆ ಸೇರುವುದು ಸುಮಾರು ಕಾಲು ಭಾಗ. ಉಳಿದದ್ದರಲ್ಲಿ ಬಹುಪಾಲು ಸಗಣಿ, ಗಂಜಲದಲ್ಲಿ ಹೋಗುತ್ತದೆ. ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದಾಗ ಕಣ್ಣು ಉರಿಸುವ ಘಾಟು ಇದೆಯಲ್ಲ, ಅದು ನಾವು ದುಡ್ಡು ಕೊಟ್ಟು ತಂದ ಹಿಂಡಿಯೇ. ಹಸುವಿನ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಯೂರಿಯಾವನ್ನು ಅಮೋನಿಯಾ ಮಾಡಿ, ಅದರಿಂದ ತಮ್ಮ ಮೈಯ ಪ್ರೋಟೀನ್ ಕಟ್ಟಿಕೊಳ್ಳುತ್ತವೆ. ಆ ಜೀವಿಗಳೇ ಆಮೇಲೆ ಹಸುವಿಗೆ ಆಹಾರ. ಆದರೆ ಕಟ್ಟುವುದಕ್ಕೆ ಅವಕ್ಕೆ ಪಿಷ್ಟವೂ ಬೇಕು, ಅದೂ ಅದೇ ಹೊತ್ತಿಗೆ. ಸಾದಾ ಯೂರಿಯಾ ಒಮ್ಮೆಗೇ ಕರಗಿಬಿಡುತ್ತದೆ. ಲೇಪನವಿರುವುದು ತಾಸುಗಟ್ಟಲೆ ಬಿಡುತ್ತಾ ಹೋಗುತ್ತದೆ. ಪಿಷ್ಟಕ್ಕೆ ನಮ್ಮಲ್ಲಿ ಬರವಿಲ್ಲ, ದಾವಣಗೆರೆ ಸೀಮೆ ಮೆಕ್ಕೆಜೋಳದ್ದೇ. ಮೊದಲ ತಿಂಗಳು ನುಚ್ಚು ಸೇರಿಸದೆ ಬರೀ ಈ ಕಾಳು ಹಾಕಿದ್ದೆ. ಘಾಟು ಇನ್ನೂ ಹೆಚ್ಚಾಯಿತು, ಅಷ್ಟೇ ಲಾಭ.

ಈಗ ಲೆಕ್ಕಕ್ಕೆ ಬರೋಣ. ಇದರಲ್ಲಿ ಸಾರಜನಕ ಶೇಕಡಾ 41. ಪ್ರೋಟೀನ್ ಲೆಕ್ಕಕ್ಕೆ 6.25ರಿಂದ ಗುಣಿಸಿದರೆ, 100 ಗ್ರಾಂ ಕಾಳು ಹೆಚ್ಚುಕಡಿಮೆ 550 ಗ್ರಾಂ ಶೇಂಗಾ ಹಿಂಡಿಗೆ ಸಮ. ಹಿಂಡಿ ತೆಗೆದ ಜಾಗಕ್ಕೆ 450 ಗ್ರಾಂ ಮೆಕ್ಕೆಜೋಳದ ನುಚ್ಚು ತುಂಬಬೇಕು. ನಾನು ಕೊಂಡ ದರದಲ್ಲಿ ಕಾಳು 12 ರೂಪಾಯಿ, ನುಚ್ಚು 11, ಒಟ್ಟು 23. ಚಳ್ಳಕೆರೆಯ ಹಿಂಡಿ ಕಿಲೋಗೆ 50 ಇದ್ದಾಗ ಅಷ್ಟೇ ಪ್ರೋಟೀನಿಗೆ ಇಪ್ಪತ್ತೇಳೂವರೆ. ದಿನಕ್ಕೆ ಒಂದು ಹಸುವಿಗೆ ಉಳಿಯುವುದು ನಾಲ್ಕೂವರೆ ರೂಪಾಯಿ. ಕಳೆದ ವರ್ಷ ಹಿಂಡಿ 40ಕ್ಕೆ ಇಳಿದಾಗ ದಿನಕ್ಕೆ ಒಂದು ರೂಪಾಯಿ ಕೈಯಿಂದಲೇ ಹೋಯಿತು. ತಕ್ಷಣ ನಿಲ್ಲಿಸಿದೆ. ಅಂಗಡಿಯವರು ಈ ಲೆಕ್ಕವನ್ನು ಯಾರಿಗೂ ಹೇಳುವುದಿಲ್ಲ!

ಮಳೆಗಾಲದಲ್ಲಿ ಕುದುರೆಮೆಂತೆ, ಎಳೆ ಹಸಿಮೇವು ಸಿಕ್ಕಾಗ ಇದು ಬೇಕಿಲ್ಲ, ಅದರಲ್ಲೇ ಬೇಗ ಕರಗುವ ಪ್ರೋಟೀನ್ ಸಾಕಷ್ಟಿದೆ. ಫೆಬ್ರುವರಿಯಿಂದ ಮೇ ತನಕ, ಗೋದಲಿಯಲ್ಲಿ ಒಣ ಸಪ್ಪೆ ಮತ್ತು ಭದ್ರಾ ನಾಲೆಯ ಕಡೆಯಿಂದ ತರಿಸಿದ ಭತ್ತದ ಹುಲ್ಲು ಬಿಟ್ಟರೆ ಬೇರೇನೂ ಇಲ್ಲದಾಗ, ಕೆಲಸ ಕಾಣುತ್ತದೆ. ಹಸು ತಿನ್ನದೆ ಬಿಡುವ ಹುಲ್ಲು ಮೊದಲಿಗಿಂತ ಕಡಿಮೆ.

ಅಪಾಯದ ಮಾತು ಹೇಳಲೇಬೇಕು. ಸಬ್ಸಿಡಿ ಯೂರಿಯಾದ 45 ಕಿಲೋ ಚೀಲ 266 ರೂಪಾಯಿ 50 ಪೈಸೆ, ಅಂದರೆ ಕಿಲೋಗೆ ಆರು ರೂಪಾಯಿ. “ಆರು ರೂಪಾಯಿಯದಕ್ಕೆ ನೂರಿಪ್ಪತ್ತು ಕೊಡುತ್ತೀಯಲ್ಲೋ” ಎಂದು ಅಪ್ಪ ಮೊದಲ ದಿನದಿಂದ ಗೊಣಗುತ್ತಿದ್ದರು. ನಾನು ಊರಲ್ಲಿಲ್ಲದ ದಿನ ಹೊಲದ ಯೂರಿಯಾವನ್ನೇ ಒಂದು ಹಿಡಿ ಹಾಕಿದರು. ಅದರ ಮೇಲಿನ ಬೇವಿನ ಲೇಪ ಮಣ್ಣಿಗಾಗಿ ಮಾಡಿದ್ದು, ಹೊಟ್ಟೆಗಲ್ಲ. ಅರ್ಧ ಗಂಟೆಯಲ್ಲಿ ಹಸುವಿಗೆ ನಡುಕ, ಜೊಲ್ಲು, ಹೊಟ್ಟೆಯುಬ್ಬರ. ಪಶುವೈದ್ಯರು ಓಡಿ ಬಂದು ವಿನೆಗರ್ ಮತ್ತು ತಣ್ಣೀರನ್ನು ನಳಿಕೆಯಲ್ಲಿ ಹೊಟ್ಟೆಗೆ ಇಳಿಸಿದರು. ಹುಳಿಯಿಂದಾಗಿ ಅಮೋನಿಯಾ ರಕ್ತಕ್ಕೆ ಸೇರುವುದು ತಗ್ಗುತ್ತದಂತೆ. ಹಸು ಉಳಿಯಿತು. ಅಪ್ಪ ಎರಡು ದಿನ ಊಟ ಮಾಡಲಿಲ್ಲ, ನಾನೂ ಏನೂ ಅನ್ನಲಿಲ್ಲ. ಲೇಪನದ ಕಾಳನ್ನೂ ಹಿಂಡಿಯೊಂದಿಗೆ ಗಿರಣಿಗೆ ಹಾಕಿ ಬೀಸಿಸಬೇಡಿ. ಲೇಪ ಒಡೆದರೆ ಅದೂ ಸಾದಾ ಯೂರಿಯಾವೇ. ಒಂದು ಹಸುವಿಗೆ ದಿನಕ್ಕೆ 25 ಗ್ರಾಂನಿಂದ ಶುರುಮಾಡಿ ಮೂರು ವಾರದಲ್ಲಿ 100ಕ್ಕೆ ಏರಿಸಿ. ಆರು ತಿಂಗಳೊಳಗಿನ ಕರುವಿಗೆ ಸೋಕಿಸಲೂ ಬಾರದು.

ಕಡಸುಗಳ ಬೆಳವಣಿಗೆಗೆಂದು ಕೊಳ್ಳುವವರಿಗೆ ಮಾತ್ರ ನನ್ನ ಸಲಹೆ ಬೇರೆ. ಒಂದಕ್ಕೆ ಇದು, ಇನ್ನೊಂದಕ್ಕೆ ಪೂರ್ತಿ ಹಿಂಡಿ ಕೊಟ್ಟು ದರ್ಜಿ ಟೇಪಿನಲ್ಲಿ ಅಳೆಯುತ್ತಾ ಬಂದೆ. ಎದೆಸುತ್ತನ್ನು ಅದರಿಂದಲೇ ಗುಣಿಸಿ, ಮೈಯುದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ತೂಕ ಕಿಲೋದಲ್ಲಿ ಬರುತ್ತದೆ, ಅಳತೆ ಇಂಚಿನಲ್ಲಿರಬೇಕು. ಇದನ್ನು ತಿಂದದ್ದು 56 ಇಂಚು ಸುತ್ತು, 46 ಉದ್ದ, ಸುಮಾರು 218 ಕಿಲೋ. ಹಿಂಡಿ ತಿಂದದ್ದು ಅದಕ್ಕಿಂತ ಹನ್ನೊಂದು ಕಿಲೋ ಮುಂದೆ. ತಾಯಿ ಬೇರೆ ಬೇರೆ ಎಂಬುದು ನಿಜ. ಆದರೂ ಎಲುಬು, ಮಾಂಸ ಕಟ್ಟುವ ವಯಸ್ಸಿನಲ್ಲಿ ಹಿಂಡಿಯ ಜಿಪುಣತನ ಬೇಡವೆಂದು ಎರಡಕ್ಕೂ ಹಿಂಡಿಯನ್ನೇ ಹಾಕುತ್ತಿದ್ದೇನೆ.

ಐದಕ್ಕೆ ಮೂರು ನಕ್ಷತ್ರ. ಉಳಿದರ್ಧ ಚೀಲ ಈಗ ಅಟ್ಟದ ಮೇಲಿದೆ, ಬೀಗ ಹಾಕಿದ ಡಬ್ಬಿಯಲ್ಲಿ. ಬೀಗದ ಕೈ ಅಪ್ಪನ ಹತ್ತಿರ, ಅವರೇ ಕೇಳಿ ಇಟ್ಟುಕೊಂಡಿದ್ದಾರೆ.