ಲುಕ್ಲಾ, ಪಾರೋ, ಲೇಹ್: ಯಾವುದಕ್ಕೆ ಹಾರೋಣ?

ಪೈಲಟ್‌ಗಳಿಗೂ ಬೆವರಿಳಿಸುವ ಹಿಮಾಲಯದ ಈ ಮೂರು ವಿಮಾನ ನಿಲ್ದಾಣಗಳಲ್ಲಿ ಯಾವುದಕ್ಕೆ ಹೋಗಲಿ ಅಂತ ಕಲಬುರಗಿಯ ಗೆಳೆಯ ಕೇಳಿದ.

ನಮ್ಮೂರ ರನ್‌ವೇ 3 ಕಿಲೋಮೀಟರ್‌ಗಿಂತ ಉದ್ದ, ಸುತ್ತ ತೊಗರಿ ಹೊಲದ ಬಯಲು. ನೇಪಾಳದ ಲುಕ್ಲಾದಲ್ಲಿರೋದು ಬರೀ 527 ಮೀಟರ್. ಒಂದು ತುದಿಗೆ ಗುಡ್ಡದ ಗೋಡೆ, ಇನ್ನೊಂದಕ್ಕೆ ಪ್ರಪಾತ. ಇಳಿದ ವಿಮಾನ ಏರಿನಲ್ಲಿ ಓಡುತ್ತದೆ, ಅದೇ ಅರ್ಧ ಬ್ರೇಕ್! ಮೋಡ ಮುಚ್ಚಿದರೆ ದಿನಗಟ್ಟಲೆ ಕಾಯಬೇಕು. ರಜೆ ಜಾಸ್ತಿ ಇದ್ದು, ಎವರೆಸ್ಟ್ ದಾರಿ ನಡೆಯೋ ಆಸೆಯಿದ್ದರೆ ಮಾತ್ರ ಇದು.

ಭೂತಾನಿನ ಪಾರೋದಲ್ಲಿ ರನ್‌ವೇ ಸಾಕಷ್ಟಿದೆ, ಕಷ್ಟ ತಿರುವಿನಲ್ಲಿ. ವಿಶೇಷ ತರಬೇತಿ ಪಡೆದ ಪೈಲಟ್‌ಗಳು ಕಣ್ಣಳತೆಯಲ್ಲೇ ಕಣಿವೆಯೊಳಗೆ ಹೊರಳಿಸಿ ಇಳಿಸುತ್ತಾರೆ. ಕಿಟಕಿ ಸೀಟಿನ ಹುಚ್ಚಿದ್ದವರಿಗೆ ಸರಿ, ಆದರೆ ಪ್ರವಾಸಿಗರಿಂದ ಭೂತಾನ್ ಪಡೆಯೋ ದಿನದ ಶುಲ್ಕ ಲೆಕ್ಕ ಹಾಕಿಕೊಳ್ಳಿ.

ಜೇಬು ನೋಡಿದರೆ ಲೇಹ್ ಸುಲಭ. ಮಧ್ಯಾಹ್ನ ಗಾಳಿ ಜೋರು, ಹಾಗಾಗಿ ಬೆಳಗಿನ ವಿಮಾನಗಳೇ ಜಾಸ್ತಿ. 3,256 ಮೀಟರ್ ಎತ್ತರ ಅಲ್ವಾ, ಇಳಿದ ದಿನ ಸುಮ್ನೆ ಮಲಗಿ.